ಟವೆಲ್ ಬೀಸಿದ್ದು ನನಗಲ್ಲ

ಡೀಸೆಲ್ ಎಂಜಿನ್ ಇದ್ದಾಗ ನಮ್ಮ ಜಲ್ಲಿ ಕ್ರಷರ್ ಶುರುವಾಗುವುದು ಯಾರಿಗೂ ಗೊತ್ತಾಗದೆ ಇರುತ್ತಿರಲಿಲ್ಲ. ಇಬ್ಬರು ಗಂಡಸರು ಸೇರಿ ಹ್ಯಾಂಡಲ್ ತಿರುಗಿಸಬೇಕು. ಅದು ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು, ಮೂರನೇ ಸಲ ಕಪ್ಪು ಹೊಗೆ ಉಗುಳಿ ಹಿಡಿದುಕೊಳ್ಳುತ್ತಿತ್ತು. ಅಷ್ಟರೊಳಗೆ ಬೆಲ್ಟಿನ ಹತ್ತಿರ ಕೂತ ಹೆಂಗಸರೆಲ್ಲ ಎದ್ದು ಸೀರೆ ಕೊಡವಿಕೊಂಡು ದೂರ ಸರಿದಿರುತ್ತಿದ್ದೆವು. ಕರೆಂಟು ಬಂದ ಮೇಲೆ ಅಂಥದ್ದೇನೂ ಇರಲಿಲ್ಲ. ಒಂದು ಹಸಿರು ಬಟನ್. ಬೆರಳಿನಿಂದ ಒತ್ತಿದರೆ ಸಾಕು, ನೂರಡಿ ದೂರದಲ್ಲಿ ಬೆಲ್ಟು ಓಡುತ್ತದೆ. ಆ ಬಟನ್ ಒತ್ತುವ ಕೆಲಸ ನನ್ನದು.

ನಾವು ಕುರಿ ಸಾಕುವವರು. ಮಧುಗಿರಿ ಬೆಟ್ಟ ಕಾಣುವಷ್ಟು ಹತ್ತಿರದ ಹಳ್ಳಿ ನಮ್ಮದು. ಕುರಿ ಕಡಿಮೆಯಾದ ಮೇಲೆ ನಮ್ಮವ್ವ ಕಲ್ಲುಗಣಿಗೆ ಹೋಗಿ ಸುತ್ತಿಗೆಯಲ್ಲಿ ಜಲ್ಲಿ ಒಡೆಯುತ್ತಿದ್ದಳು. ಅವಳ ಬಲಗಣ್ಣಿಗೆ ಚೂರು ಸಿಡಿದು ಆ ಕಣ್ಣು ಕೊನೆಯವರೆಗೂ ಮಸುಕಾಗಿಯೇ ಇತ್ತು. ಆಗ ಕುಳಿಗೆ ಮದ್ದು ತುಂಬಿ ಬೀಡಿಯ ಬೆಂಕಿಯಿಂದ ಬತ್ತಿ ಹಚ್ಚಿ ಓಡುತ್ತಿದ್ದರು. ನಾನು ಮದುವೆಯಾಗಿ ಅದೇ ಗಣಿಗೆ ಕೆಲಸಕ್ಕೆ ಸೇರುವ ಹೊತ್ತಿಗೆ ಬತ್ತಿ ಹೋಗಿ ವೈರು ಬಂದಿತ್ತು. ಸೈರನ್ ಕೂಗಿ, ಎಲ್ಲರೂ ದೂರ ಹೋದ ಮೇಲೆಯೇ ಮದ್ದು ಸಿಡಿಸುತ್ತಿದ್ದರು. ಕುಳಿ ಕೊರೆಯುವ ಮೆಷಿನ್ನಿಗೆ ನೀರಿನ ಪೈಪು ಜೋಡಿಸಿದ್ದರಿಂದ ಧೂಳೂ ಕಮ್ಮಿಯಾಗಿತ್ತು. ತಲೆಗೆ ಹೆಲ್ಮೆಟ್ ಕೊಟ್ಟರು. ಅವ್ವನಿಗೆ ಇದನ್ನೆಲ್ಲ ಹೇಳಿದರೆ, "ಇನ್ನೇನಮ್ಮ, ಆಫೀಸ್ನಲ್ಲಿ ಕೂತಂಗೆ ನಿಮ್ಗೆ" ಅನ್ನುತ್ತಿದ್ದಳು.

ಕರೆಂಟು ಬಂದ ವರ್ಷ ಮಾಲೀಕರು ಹಳೇ ಎಂಜಿನ್ನನ್ನು ಗುಜರಿಗೆ ಹಾಕಿದರು. ಒಂದು ಚಿಕ್ಕ ರೂಮು ಕಟ್ಟಿಸಿ ನನ್ನೆತ್ತರದ ಬೂದು ಬಣ್ಣದ ಪ್ಯಾನೆಲ್ ನಿಲ್ಲಿಸಿದರು. ಅದರ ಮುಂದೆ ಕೂರಲು ಓದು ಬರಹ ಬಂದವರು ಬೇಕಿತ್ತು. ಜಲ್ಲಿ ಆರಿಸುವ ಹೆಂಗಸರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು ನಾನೊಬ್ಬಳೇ. ನನಗೆ ಕೆಲಸ ಕಲಿಸಿದವರು ಸಿರಾದಿಂದ ಬಂದಿದ್ದ ಫಿಟ್ಟರ್. ಅವರನ್ನು ನಾವೆಲ್ಲ ಭಾಯ್ ಅನ್ನುತ್ತಿದ್ದೆವು. ಐವತ್ತರ ಆಸುಪಾಸಿನ ವಯಸ್ಸು, ತೆಳ್ಳಗಿನ ಮನುಷ್ಯ. ಜೇಬಿನಲ್ಲಿ ಯಾವಾಗಲೂ ಒಂದು ಟೆಸ್ಟರ್.

"ನೋಡಮ್ಮಾ, ಹಸಿರು ಒತ್ತೋದು ಎಲ್ಲಾರ್ಗೂ ಬರ್ತದೆ. ನೀನು ಮೊದ್ಲು ಕೆಂಪು ಒತ್ತೋದು ಕಲ್ತ್ಕೊ" ಎಂದು ಮೊದಲ ದಿನ ಬರೀ ನಿಲ್ಲಿಸುವುದನ್ನೇ ಕಲಿಸಿದರು. ಮೀಟರಿನ ಮುಳ್ಳು ಎಲ್ಲಿಗೆ ಬಂದರೆ ಮೋಟರಿಗೆ ಭಾರ, ಯಾವ ದೀಪ ಆರಿದರೆ ಯಾವ ಫೇಸ್ ಇಲ್ಲ, ಕರೆಂಟು ಹೋಗಿ ಬಂದರೆ ಮೋಟರ್ ತಾನಾಗಿ ಓಡುವುದಿಲ್ಲ, ಮತ್ತೆ ಒತ್ತಲೇಬೇಕು ಎನ್ನುವುದನ್ನೆಲ್ಲ ಒಂದು ವಾರ ಹೇಳಿಕೊಟ್ಟರು. ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ.

ರೂಮಿನ ಕಿಟಕಿಯಿಂದ ಆಗ ಎಲ್ಲವೂ ಕಾಣುತ್ತಿತ್ತು. ಬಂಡೆ ಕಚ್ಚುವ ದವಡೆ, ಅದರಿಂದ ಜಲ್ಲಿ ಹೊತ್ತು ಮೇಲೇರುವ ಬೆಲ್ಟು, ಬೆಲ್ಟಿನ ಕೆಳತುದಿ ಸುತ್ತುವ ಡ್ರಮ್. ಪಕ್ಕದ ಹೊಲದ ಕಡಲೆಕಾಯಿ ಗಿಡದ ಮೇಲೆ ಧೂಳು ಕೂರುತ್ತದೆ ಎಂದು ಜನ ಗಲಾಟೆ ಮಾಡಿದ್ದಕ್ಕೆ ಮಾಲೀಕರು ಎರಡು ವರ್ಷದ ಮೇಲೆ ಬೆಲ್ಟಿನ ಸುತ್ತ ತಗಡು ಹೊಡೆಸಿದರು. ಧೂಳು ನಿಜವಾಗಿಯೂ ನಿಂತಿತು. ಜೊತೆಗೆ ಡ್ರಮ್ ನನಗೆ ಕಾಣದಂತಾಯಿತು. ಅದಕ್ಕೊಂದು ದಾರಿ ಮಾಡಿಕೊಂಡೆವು. ಯಾರಾದರೂ ರಿಪೇರಿಗೆ ಒಳಗೆ ಹೋಗಿ ಹೊರಬಂದ ಮೇಲೆ ಮೇಸ್ತ್ರಿ ಟಿಪ್ಪರ್ ಏರುವ ದಿಬ್ಬದ ಮೇಲೆ ನಿಂತು ಹೆಗಲ ಮೇಲಿನ ಟವೆಲ್ ತೆಗೆದು ಎರಡು ಸಲ ಬೀಸಬೇಕು, ನಾನು ಒತ್ತಬೇಕು. ಅಷ್ಟೇ. ಅದನ್ನು ಎಲ್ಲಿಯೂ ಬರೆದಿರಲಿಲ್ಲ.

ಆ ದಿನ ಬೆಳಗ್ಗೆ ಹತ್ತೂವರೆಗೆ ಕರೆಂಟು ಹೋಯಿತು. ಡ್ರಮ್ಮಿಗೂ ಬೆಲ್ಟಿಗೂ ನಡುವೆ ಕಲ್ಲೊಂದು ಸಿಕ್ಕಿಕೊಂಡಿದೆ, ಕರೆಂಟಿಲ್ಲದಾಗಲೇ ತೆಗೆಯುತ್ತೇನೆ ಎಂದು ಭಾಯ್ ಮೇಸ್ತ್ರಿಗೆ ಹೇಳಿ ಹಾರೆ ಹಿಡಿದು ತಗಡಿನ ಹಿಂದಕ್ಕೆ ಹೋದರಂತೆ. ನನಗೆ ಅದು ಗೊತ್ತಿರಲಿಲ್ಲ. ನಾನು ಪ್ಯಾನೆಲ್ ಒರೆಸುತ್ತಿದ್ದೆ. ಮುಕ್ಕಾಲು ಗಂಟೆಯ ಮೇಲೆ ಮೂರು ದೀಪಗಳೂ ಹತ್ತಿದವು. ಕಿಟಕಿಗೆ ಹೋಗಿ ನೋಡಿದೆ. ಮೇಸ್ತ್ರಿ ದಿಬ್ಬದ ಮೇಲೆ ನಿಂತು ಟವೆಲ್ ತೆಗೆದು ತಲೆಯ ಮೇಲೆ ಎರಡು ಸಲ ಬೀಸಿದ. ನಾನು ಬಂದು ಹಸಿರು ಒತ್ತಿದೆ.

ಅವನು ಬೀಸಿದ್ದು ನನಗಲ್ಲ. ಹಿಂದೆ ನಿಂತಿದ್ದ ಟಿಪ್ಪರಿನ ಡ್ರೈವರಿಗೆ, ರಿವರ್ಸ್ ಬಾ ಎಂದು.

ಎಷ್ಟು ಹೊತ್ತು ಓಡಿತೋ, ನಾಲ್ಕೈದು ಸೆಕೆಂಡು ಇರಬಹುದು. ಹೊರಗೆ ಯಾರೋ ಹೆಂಗಸು ಬಾಂಡ್ಲಿಯಿಂದ ತಗಡಿಗೆ ಬಡಿಯುತ್ತಿದ್ದಳು. ಬಾಯಲ್ಲಿ ಮಾತೇ ಇಲ್ಲ, ಬರೀ ಬಡಿತ. ಕೆಂಪು ಒತ್ತಿದೆ. ಗಡಿಯಾರ ನೋಡಿ ಲಾಗ್ ಪುಸ್ತಕದಲ್ಲಿ ಹನ್ನೊಂದು ಇಪ್ಪತ್ತು, ಆಫ್ ಎಂದು ಬರೆದೆ. ಪೆನ್ನಿನ ಕ್ಯಾಪ್ ಮುಚ್ಚಿದೆ. ಆಮೇಲೆ ಹೊರಗೆ ಹೋದೆ. ಯಾಕೆ ಮೊದಲು ಬರೆದೆ ಎಂದು ಬಹಳ ಜನ ಕೇಳಿದ್ದಾರೆ. ನನಗೂ ಗೊತ್ತಿಲ್ಲ.

ಭಾಯ್‌ನ ಬಲಗೈ ಮೊಣಕೈವರೆಗೆ ಡ್ರಮ್ಮಿನ ಕೆಳಗಿತ್ತು. ನಾಲ್ಕು ಜನ ಹಾರೆ ಕೊಟ್ಟು ಡ್ರಮ್ಮನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ಭಾಯ್ ಕಿರುಚಲಿಲ್ಲ. "ಆಸ್ತೆ, ಆಸ್ತೆ", ನಿಧಾನ, ನಿಧಾನ ಎಂದು ಮೆಲ್ಲಗೆ ಹೇಳುತ್ತಿದ್ದರು, ಬೇರೆ ಯಾರದೋ ಕೈ ಬಿಡಿಸುತ್ತಿರುವವರ ಹಾಗೆ. ನನ್ನನ್ನು ನೋಡಿದರೋ ಇಲ್ಲವೋ ತಿಳಿಯಲಿಲ್ಲ. ಜೀಪಿನಲ್ಲಿ ಮಧುಗಿರಿ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ತುಮಕೂರಿಗೆ ಕರೆದುಕೊಂಡು ಹೋದರು. ಸಂಜೆಗೆ ಫೋನ್ ಬಂತು. ಜೀವಕ್ಕೆ ಏನಿಲ್ಲ, ಕೈ ತೆಗೆದಿದ್ದಾರೆ ಎಂದರು.

ಮನೆಗೆ ಬಂದಾಗ ನಮ್ಮ ಮನೆಯವರು ಕುರಿ ದೊಡ್ಡಿಗೆ ಕೂಡಿ ಜಗುಲಿಯ ಮೇಲೆ ಕೂತಿದ್ದರು. ಸುದ್ದಿ ಆಗಲೇ ಬಂದಿತ್ತು.

"ನೀನಾ ಒತ್ತಿದ್ದು?"

"ಹೂಂ."

"ಉಂಡ್ಯಾ?"

"ಇಲ್ಲ."

ಅವರೇ ಎದ್ದು ಮುದ್ದೆ ಮಾಡಿ ಸಾರು ಬಿಸಿ ಮಾಡಿ ಬಡಿಸಿದರು. ಪೂರ್ತಿ ಉಂಡೆ. ಸಾರಿಗೆ ಉಪ್ಪೇ ಹಾಕಿರಲಿಲ್ಲವಂತೆ. ಅದನ್ನು ಅವರು ತಾವು ಉಣ್ಣುವಾಗ ನೋಡಿ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು.

ಕೆಲಸ ನಿಂತಿತು. ಗಣಿ ಸುರಕ್ಷತೆಯ ಆಫೀಸರು ವಿಚಾರಣೆಗೆ ಬರುವ ಹಿಂದಿನ ದಿನ ಮೇಸ್ತ್ರಿ ನಮ್ಮ ಮನೆಗೆ ಬಂದ. ಕೊರಟಗೆರೆ ಕಡೆಯವನು, ಕೆಟ್ಟವನಲ್ಲ. ಅವನ ಮುಖ ಮೂರು ದಿನದಲ್ಲಿ ಇಳಿದುಹೋಗಿತ್ತು.

"ನೋಡಮ್ಮ, ಕರೆಂಟು ಹೋಗಿತ್ತು, ಬಂತು, ಬೆಲ್ಟು ತಾನೇ ಓಡ್ಬುಡ್ತು ಅಂತ ಹೇಳ್ಬುಡು. ನಿಂಗೂ ಒಳ್ಳೇದು, ನಂಗೂ ಒಳ್ಳೇದು. ಯಾರ ತಪ್ಪೂ ಇಲ್ದಂಗೆ ಆಯ್ತದೆ."

"ಅದು ತಾನೇ ಓಡಲ್ಲ ಕಣಣ್ಣ. ಮತ್ತೆ ಒತ್ತಲೇಬೇಕು. ಭಾಯ್ ಹೇಳ್ಕೊಟ್ಟವ್ರೆ."

"ಆಫೀಸರ್‌ಗೆ ಅದೆಲ್ಲ ಹೆಂಗೆ ಗೊತ್ತಾಯ್ತದೆ?"

ನಾನು ಕಾಫಿ ತಂದು ಮುಂದಿಟ್ಟೆ. ಅವನು ಕಾಫಿ ಕುಡಿಯದೆ ಎದ್ದು ಹೋದ.

ಮರುದಿನ ಆಫೀಸರು ಯಾರು ಒತ್ತಿದ್ದು ಎಂದು ಕೇಳಿದಾಗ ನಾನೇ ಸಾರ್ ಎಂದೆ. ಮೇಸ್ತ್ರಿ ನೆಲ ನೋಡಿದ. ಇದನ್ನು ನನ್ನ ಧೈರ್ಯ ಎಂದು ಆಮೇಲೆ ಕೆಲವರು ಹೊಗಳಿದರು. ಧೈರ್ಯವಲ್ಲ. ಇಲ್ಲದ್ದನ್ನು ಕಟ್ಟಿ ಹೇಳಲು ಒಳಗೆ ಏನಾದರೂ ಅಲ್ಲಾಡಬೇಕು. ನನ್ನೊಳಗೆ ಆ ದಿನಗಳಲ್ಲಿ ಏನೂ ಅಲ್ಲಾಡುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದರೆ ತುಟಿ ಇದ್ದೂ ಇಲ್ಲದಂತೆ ಇರುತ್ತದಲ್ಲ, ಮೈಯೆಲ್ಲ ಹಾಗೆಯೇ ಇತ್ತು.

ಆಫೀಸರು ಬೈಯಲಿಲ್ಲ. ನನ್ನನ್ನು ಎಬ್ಬಿಸಿ ನನ್ನ ಕುರ್ಚಿಯಲ್ಲಿ ತಾವು ಕೂತರು. ಮೇಸ್ತ್ರಿಯನ್ನು ದಿಬ್ಬಕ್ಕೆ ಕಳಿಸಿ ಅವತ್ತಿನ ಹಾಗೆಯೇ ಟವೆಲ್ ಬೀಸಿಸಿದರು. ಇನ್ನೊಬ್ಬನನ್ನು ಡ್ರಮ್ಮಿನ ಹತ್ತಿರ ನಿಲ್ಲಿಸಿ ಕೈ ಎತ್ತಿಸಿದರು. ಕಿಟಕಿಗೆ ಬಂದು ನಿಂತರು, ಬಗ್ಗಿದರು, ಎದ್ದರು. ಟವೆಲ್ ಕಂಡಿತು, ಕೈ ಕಾಣಲಿಲ್ಲ. ಅದನ್ನು ಬರೆದುಕೊಂಡರು. ಆಮೇಲೆ ಪ್ಯಾನೆಲ್ಲಿನ ದೊಡ್ಡ ಹ್ಯಾಂಡಲ್ ಹಿಡಿದು ನೋಡಿದರು. ಅದರಲ್ಲಿ ಒಂದು ತೂತಿತ್ತು. ಆಯುಧಪೂಜೆಯಲ್ಲಿ ನಾವು ಅದಕ್ಕೇ ದಾರ ಪೋಣಿಸಿ ಚೆಂಡುಹೂ ಕಟ್ಟುತ್ತಿದ್ದೆವು. ಒಣಗಿದ ಹೂವು ಇನ್ನೂ ಅಲ್ಲೇ ನೇತಾಡುತ್ತಿತ್ತು.

"ಈ ತೂತು ಯಾಕಿದೆ ಗೊತ್ತೇನಮ್ಮ?"

"ಗೊತ್ತಿಲ್ಲ ಸಾರ್."

"ಬೀಗ ಹಾಕೋಕೆ. ಒಳಗೆ ಹೋಗೋರು ಹ್ಯಾಂಡಲ್ ಕೆಳಗಿಳಿಸಿ, ತಮ್ಮದೇ ಬೀಗ ಹಾಕಿ, ಕೀ ಜೇಬಲ್ಲಿಟ್ಟುಕೊಂಡು ಹೋಗಬೇಕು. ಆಗ ನೀವು ಎಷ್ಟು ಸಲ ಒತ್ತಿದರೂ ಏನೂ ಆಗಲ್ಲ."

ಅವರು ಹೂವನ್ನು ಕಿತ್ತು ಹಾಕಲಿಲ್ಲ. ಬಿಡಿಸಿ ಮೇಜಿನ ಮೇಲಿಟ್ಟರು.

ಹದಿನೈದು ದಿನದ ಮೇಲೆ ಭಾಯ್ ಮನೆಗೆ ಬಂದರು ಎಂದು ತಿಳಿದು ಸಿರಾಕ್ಕೆ ಹೋದೆ. ಬಸ್ ಸ್ಟ್ಯಾಂಡಿನಿಂದ ಕೇಳಿಕೊಂಡು ಹೋಗಿ ಒಂದು ಓಣಿಯಲ್ಲಿ ಅವರ ಮನೆ ಹುಡುಕಿದೆ. ಹಣ್ಣಿನ ಕವರ್ ಎಲ್ಲಿಡಬೇಕೋ ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡು ಕೂತೆ. ಅವರು ಗೋಡೆಗೆ ಒರಗಿದ್ದರು. ಬಲಗಡೆ ಅಂಗಿಯ ತೋಳು ಮಡಚಿ ಪಿನ್ ಹಾಕಿತ್ತು.

"ಮುಳ್ಳು ಎಷ್ಟಕ್ಕೆ ಹೋಗಿತ್ತಮ್ಮಾ?" ಎಂದರು. ಮೊದಲು ಕೇಳಿದ್ದೇ ಅದು.

"ನೋಡ್ಲಿಲ್ಲ ಭಾಯ್."

"ನೋಡ್ಬೇಕು. ಸ್ಟಾರ್ಟ್ ಮಾಡ್ದಾಗ ಕಣ್ಣು ಮುಳ್ಳಿನ ಮೇಲೇ ಇರ್ಬೇಕು." ಆಮೇಲೆ, "ಹಳೇ ಬೋರ್ಡ್‌ಗಳಲ್ಲಿ ನಾನು ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡು ಹೋಗ್ತಿದ್ದೆ. ಮೂವತ್ತು ವರ್ಷ ಅಂಗೇ ಮಾಡ್ದೆ. ಈ ಹೊಸಾ ಪ್ಯಾನೆಲ್‌ನಲ್ಲಿ ಕೀಳೋಕೆ ಫ್ಯೂಸೇ ಇಲ್ಲ. ಬರೀ ಸ್ವಿಚ್ಚು. ಜೇಬು ಖಾಲಿ ಇತ್ತು" ಎಂದರು.

ಅವರ ಹೆಂಡತಿ ಪರದೆಯ ಹತ್ತಿರ ನಿಂತಿದ್ದರು. ಟೀ ತಂದು ನನ್ನ ಮುಂದಿಟ್ಟು ಅಲ್ಲೇ ನಿಂತರು.

"ನಿಮ್ಗೆ ಕಾಣ್ಲಿಲ್ಲಾ?"

"ತಗಡು ಅಡ್ಡ ಇತ್ತಕ್ಕ. ಕಾಣ್ತಿರ್ಲಿಲ್ಲ."

"ಕಾಣ್ದೆ ಇದ್ರೆ ಕೂಗ್ಬೋದಿತ್ತಲ್ಲಾ? ಒಂದ್ಸಲ ಬಾಯಿಬಿಟ್ಟು ಕೂಗೋಕ್ಕೆ ಆಗ್ಲಿಲ್ವಾ ನಿಮ್ಗೆ?"

"ಛೋಡ್ ದೇ, ಬಿಡು" ಎಂದರು ಭಾಯ್. ಆಕೆ ಒಳಗೆ ಹೋದರು. ನಾನು ಟೀ ಕುಡಿದೆ. ಅದು ಬಿಸಿಯಿತ್ತೋ ಆರಿತ್ತೋ ನೆನಪಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ನೋಡಿದರೆ ಹಣ್ಣಿನ ಕವರ್ ನನ್ನ ಕೈಯಲ್ಲೇ ಇತ್ತು.

ಕ್ರಷರ್ ಮತ್ತೆ ತೆರೆಯುವ ಹೊತ್ತಿಗೆ ಬಹಳ ಬದಲಾಗಿತ್ತು. ಡ್ರಮ್ಮಿಗೆ ಕಬ್ಬಿಣದ ಜಾಲರಿ ಬಂತು. ಬೆಲ್ಟಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿದರು. ಯಾರು ಎಲ್ಲಿಂದ ಎಳೆದರೂ ಬೆಲ್ಟು ನಿಲ್ಲುತ್ತದೆ. ಈಗ ಹಸಿರು ಒತ್ತಿದರೆ ಮೊದಲು ಹತ್ತು ಸೆಕೆಂಡು ಬೆಲ್ ಹೊಡೆಯುತ್ತದೆ, ಆಮೇಲೆಯೇ ಮೋಟರ್ ಹಿಡಿಯುವುದು. ಪ್ಯಾನೆಲ್ ಹ್ಯಾಂಡಲ್ಲಿಗೆ ಆರು ಬೀಗ ಒಟ್ಟಿಗೆ ಹಾಕಬಹುದಾದ ಕೊಂಡಿ ಸಿಕ್ಕಿಸಿದರು. ಬೆಲ್ಟಿನ ಕೆಳಗೆ ಹೋಗುವ ಪ್ರತಿಯೊಬ್ಬರಿಗೂ ಒಂದು ಕೆಂಪು ಬೀಗ, ಒಂದೇ ಕೀ. ಬೀಗದ ಮೇಲೆ ಅವರವರ ಫೋಟೋ. ಟವೆಲ್ ಬೀಸುವುದು ನಿಂತಿತು. ಮೇಸ್ತ್ರಿ ಹೆಗಲ ಮೇಲೆ ಟವೆಲ್ ಹಾಕುವುದನ್ನೇ ಬಿಟ್ಟ.

ಎಂಟು ತಿಂಗಳಿಗೆ ಭಾಯ್ ವಾಪಸ್ ಬಂದರು. ಬೀಗ ಕೊಡುವುದು, ಬರೆದುಕೊಳ್ಳುವುದು, ಸಂಜೆ ಎಲ್ಲ ಬೀಗವೂ ವಾಪಸ್ ಬಂದಿದೆಯೇ ನೋಡುವುದು ಅವರ ಕೆಲಸ. ಅವರ ಮೇಜು ನನ್ನ ರೂಮಿನಲ್ಲೇ. ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದರು, ಅಕ್ಷರ ದೊಡ್ಡದು ದೊಡ್ಡದು. ನಾವಿಬ್ಬರೂ ಆರು ವರ್ಷ ಒಂದೇ ರೂಮಿನಲ್ಲಿ ಕೂತೆವು. ಮುಳ್ಳಿನ ಬಗ್ಗೆ, ವೋಲ್ಟೇಜಿನ ಬಗ್ಗೆ, ಸಿರಾ ಬಸ್ಸು ತಡವಾದ ಬಗ್ಗೆ ಮಾತಾಡಿದೆವು. ಆ ದಿನದ ಬಗ್ಗೆ ಇಲ್ಲ.

ಎರಡನೇ ವರ್ಷದಲ್ಲಿ ಒಂದು ದಿನ ಭಾಯ್ ಊರಿನಲ್ಲಿ ಕೆಲಸವಿದೆ ಎಂದು ಮಧ್ಯಾಹ್ನವೇ ಹೋಗಿದ್ದರು. ಮರುದಿನ ಬೆಳಗ್ಗೆ ಬಂದು ನೋಡಿದರೆ ಹ್ಯಾಂಡಲ್ಲಿನಲ್ಲಿ ಒಂದು ಬೀಗ ನೇತಾಡುತ್ತಿತ್ತು. ಪಾವಗಡದ ಕಡೆಯ ಹೆಂಗಸಿನ ಫೋಟೋ. ಅವಳು ರಾಯಚರ್ಲಿನವಳು, ಇಲ್ಲೇ ಶೆಡ್ಡಿನಲ್ಲಿ ಉಳಿದುಕೊಂಡು ಬೆಲ್ಟಿನ ಕೆಳಗೆ ಬಿದ್ದ ಜಲ್ಲಿ ತೆಗೆಯುತ್ತಿದ್ದಳು. ಶೆಡ್ಡಿನಲ್ಲಿ ಕೇಳಿದರೆ ರಾತ್ರಿ ಮಲಗಲು ಬಂದಿಲ್ಲ ಎಂದರು. ಒಬ್ಬಳು, ರಸ್ತೆ ಕಡೆ ಹೋದಂಗಿತ್ತು ಎಂದಳು. ಇನ್ನೊಬ್ಬಳು, ಅದು ಬೇರೆಯವಳು ಎಂದಳು. ಅವಳ ಹತ್ತಿರ ಫೋನಿಲ್ಲ.

ಭಾಯ್ ಟಾರ್ಚ್ ತೆಗೆದುಕೊಂಡು ಹೊರಟರು. ದವಡೆಯ ಬಾಯಿಯಿಂದ ಹಿಡಿದು ಕೊನೆಯ ಬೆಲ್ಟಿನವರೆಗೂ ಒಂದೊಂದು ಸಂದಿಯಲ್ಲೂ ಬಗ್ಗಿ ನೋಡಿದರು. ಆ ಡ್ರಮ್ಮಿನ ಹತ್ತಿರ ಜಾಲರಿ ಬಿಚ್ಚಿಸಿ ಒಳಗೂ ನೋಡಿದರು. ನಾನು ಹಿಂದೆಯೇ ಹೋದೆ. ಎಲ್ಲೂ ಇಲ್ಲ.

"ಒಳಗಿಲ್ಲ ಅಂತ ಗೊತ್ತಾಯ್ತಲ್ಲ" ಎಂದ ಮೇಸ್ತ್ರಿ. "ಬ್ಲೇಡ್ ತಂದು ಬೀಗ ಕತ್ರಿಸ್ಬುಡಾನ. ಹೊರಗೆ ಹನ್ನೆರಡು ಲಾರಿ ನಿಂತವೆ. ಓನರ್ ಎರಡ್ಸಲ ಫೋನ್ ಮಾಡವ್ರೆ."

"ಬ್ಯಾಡ" ಎಂದೆ.

"ಯಾಕಮ್ಮ? ಭಾಯ್ ಎಲ್ಲಾನೂ ನೋಡ್ಬಂದ್ರಲ್ಲ!"

"ಅವಳ ಬೀಗ. ಅವಳೇ ತೆಗೀಬೇಕು, ಇಲ್ಲಾ ಅವಳು ಎಲ್ಲವ್ಳೆ ಅಂತ ಅವಳ ಬಾಯಿಂದ ಕೇಳ್ಬೇಕು. ಅಲ್ಲಿಗಂಟ ನಾನು ಒತ್ತಾಕಿಲ್ಲ."

"ನೀನು ಒತ್ತದೆ ಇದ್ರೆ ನಾನು ಒತ್ತೀನಿ ಬುಡು."

"ಒತ್ತಣ್ಣ" ಎಂದು ಕುರ್ಚಿಯಿಂದ ಎದ್ದು ಪಕ್ಕಕ್ಕೆ ನಿಂತೆ. ಸಿಟ್ಟಿನಿಂದಲ್ಲ. ಅವನು ಪ್ಯಾನೆಲ್ ನೋಡಿದ, ನಮ್ಮಿಬ್ಬರನ್ನೂ ನೋಡಿದ, ಹೊರಗೆ ಹೋಗಿ ಲಾರಿಯವರ ಜೊತೆ ಕೂಗಾಡಿದ.

ಒಬ್ಬನನ್ನು ಬೈಕಿನಲ್ಲಿ ರಾಯಚರ್ಲಿಗೆ ಕಳಿಸಿದೆವು. ಅವನು ಹೋಗಿ ಸೇರುವ ಮೊದಲೇ ಅವಳೇ ಪಾವಗಡದ ಬಸ್ಸಿನಿಂದಿಳಿದು ಓಡಿಕೊಂಡು ಬಂದಳು. ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಹಿಂದಿನ ಸಂಜೆ ಅವಳ ತಂಗಿಗೆ ಹೆರಿಗೆ ನೋವು ಬಂತು ಎಂದು ಊರಿನವರು ಹೇಳಿ ಕಳಿಸಿದ್ದರು. ಕೈ ಕೂಡ ತೊಳೆಯದೆ ಬಸ್ ಹತ್ತಿದ್ದಳು.

"ಅಯ್ಯೋ ದೇವುಡಾ, ಮರ್ಚಿಪೋಯಿನಕ್ಕಾ, ಮರ್ತೇ ಹೋಯ್ತು! ಬೆಳಿಗ್ಗೆ ಮುಖ ತೊಳಿಯೋವಾಗ ಕೀ ಕೈಗೆ ತಗುಲ್ತು. ತಾಳಿ ಪಿನ್ನಾಗೇ ಐತೆ" ಎಂದು ಕೀ ಬಿಡಿಸಿಕೊಟ್ಟಳು. ಕೆಲಸದಿಂದ ತೆಗೆಯುತ್ತಾರೆ ಎಂದು ಅಳತೊಡಗಿದಳು.

"ನಿನ್ ಕೈಯಿಂದಾನೇ ತೆಗಿಯಮ್ಮಾ" ಎಂದರು ಭಾಯ್. ತೆಗೆದಳು. ಅವರು ಪುಸ್ತಕದಲ್ಲಿ ಬರೆದು ಅವಳಿಂದ ಸಹಿ ಹಾಕಿಸಿದರು. "ಮಗು ಏನಾಯ್ತು?" ಎಂದು ಕೇಳಿದರು.

"ಆಡಪಿಲ್ಲ" ಎಂದಳು. ಹೆಣ್ಣು ಮಗು. ಅಳುತ್ತಲೇ ನಕ್ಕಳು.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಸಂಜೆ ಬೀಗ ವಾಪಸ್ ಬಾರದೆ ಗೇಟು ದಾಟುವಂತಿಲ್ಲ ಎಂದು ಹೊಸ ನಿಯಮ ಬಂತು. ಭಾಯ್ ಇಲ್ಲದ ದಿನ ಅದನ್ನು ನಾನು ನೋಡಬೇಕು ಎಂದಾಯಿತು. ಲಾರಿಯವರು ಒಂದು ವಾರ ನನ್ನನ್ನು ನೋಡಿದಾಗಲೆಲ್ಲ ಬೀಗದಮ್ಮ ಎಂದು ರೇಗಿಸಿದರು.

ಅವಳು ಬೀಗ ತೆಗೆದ ದಿನ ಕ್ರಷರ್ ಶುರು ಮಾಡಿ, ಮುಳ್ಳು ನೋಡಿ, ಊಟಕ್ಕೆ ಕೂತಾಗ ಮೂರು ಗಂಟೆ. ಅಲ್ಲಿಯವರೆಗೆ ಭಾಯ್ ಊಟ ಮಾಡುವುದನ್ನು ನಾನು ನೋಡಿರಲೇ ಇಲ್ಲ. ಎಡಗೈಯಲ್ಲಿ ತಿನ್ನುವುದು ಅವರಿಗೆ ಸಂಕಟ. ಬುತ್ತಿ ಹಿಡಿದು ಸ್ಟೋರಿನ ಹಿಂದೆ ಹೋಗುತ್ತಿದ್ದರು. ಆ ದಿನ ಸುಸ್ತಾಗಿತ್ತೋ ಏನೋ, ಮೇಜಿನ ಮೇಲೆಯೇ ಬುತ್ತಿ ಇಟ್ಟು ಮುಚ್ಚಳ ತೆಗೆಯಲು ನೋಡಿದರು. ಬಿಗಿಯಾಗಿತ್ತು. ನನ್ನ ಕಡೆ ತಳ್ಳಿದರು. ತೆಗೆದು ಕೊಟ್ಟೆ. ಚಮಚದಲ್ಲಿ ಅನ್ನ, ದಾಲ್ಚಾ ಉಂಡರು. ನಾನು ನನ್ನ ಮುದ್ದೆ ಉಂಡೆ.

ಹೋದ ವರ್ಷ ಭಾಯ್ ಕೆಲಸ ಬಿಟ್ಟರು, ಈಗ ಅಳಿಯನ ಮೋಟರ್ ರಿಪೇರಿ ಅಂಗಡಿಯಲ್ಲಿ ಕೂರುತ್ತಿದ್ದಾರೆ. ಒಮ್ಮೆ ಸಿರಾಕ್ಕೆ ಹೋದಾಗ ಕಂಡರು. "ಬೆಲ್ ಸರಿಯಾಗಿ ಹೊಡೀತದಾ?" ಎಂದು ಕೇಳಿದರು. ಹೊಡೆಯುತ್ತದೆ ಎಂದೆ. ನಾನು ಈಗಲೂ ಅದೇ ರೂಮಿನಲ್ಲಿದ್ದೇನೆ. ಹೊಸದಾಗಿ ಸೇರುವವರಿಗೆ ಮೊದಲ ಎರಡು ದಿನ ನಾನೇ ಹೇಳಿಕೊಡಬೇಕು. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಲಾಗ್ ಪುಸ್ತಕ ಓದಿದ ಹಾಗೆ. ಕೆಲವರು ನನ್ನನ್ನು ಒಂಥರಾ ನೋಡುತ್ತಾರೆ.

ಮೊನ್ನೆ ಬಂದ ಹುಡುಗಿಯೊಬ್ಬಳು, "ಆ ಬೆಲ್ ಹೊಡೆಯೋ ಹತ್ತು ಸೆಕೆಂಡು ಏನ್ ಯೋಚ್ನೆ ಮಾಡ್ತೀರಕ್ಕ?" ಎಂದಳು.

"ಏನೂ ಇಲ್ಲ ಕಣಮ್ಮ" ಎಂದೆ. ಅದು ನಿಜವೇ. ಅವಳನ್ನು ಕರೆದುಕೊಂಡು ಹೋಗಿ ಬೆಲ್ಟಿನ ಪಕ್ಕದ ಹಗ್ಗ ಎಷ್ಟು ಜೋರಾಗಿ ಎಳೆಯಬೇಕು ಎಂದು ತೋರಿಸಿದೆ. ಮೊದಲ ಸಲ ಅವಳು ಮೆಲ್ಲಗೆ ಎಳೆದಳು, ಬೆಲ್ಟು ನಿಲ್ಲಲಿಲ್ಲ. ಇನ್ನೊಂದು ಸಲ ಎಳೆ ಎಂದೆ.